ಲೇಸರ್ ಲೆವೆಲರ್: ಬಕೆಟ್ ಮಣ್ಣಿಗಿಳಿಯುವ ಮುನ್ನ ಮಾಡಬೇಕಾದ ಅಳತೆ ಮತ್ತು ಜೋಡಣೆ

ಗದ್ದೆಯ ಏರುತಗ್ಗು ಸ್ಪಷ್ಟವಾಗಿ ಕಾಣುವುದು ನೀರು ಹಾಯಿಸಿದ ಮೇಲೆಯೇ. ಎತ್ತರದ ಭಾಗಕ್ಕೆ ನೀರು ಏರುವಷ್ಟರಲ್ಲಿ ತಗ್ಗಿನ ಪೈರು ಮುಳುಗಿರುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕೂರಿಗೆ ಭತ್ತ ಬಿತ್ತುವ ರೈತರಿಗೆ ಇದರ ನಷ್ಟ ಇನ್ನೂ ಹೆಚ್ಚು. ತಗ್ಗಿನಲ್ಲಿ ಬೀಜ ಕೊಳೆಯುತ್ತದೆ, ದಿಬ್ಬದಲ್ಲಿ ಕಳೆ ಹಬ್ಬುತ್ತದೆ. ಒಂದು ಎಕರೆಯಲ್ಲಿ ಒಂದು ಸೆಂ.ಮೀ. ನೀರು ನಿಲ್ಲಿಸಲು ಸುಮಾರು 40 ಸಾವಿರ ಲೀಟರ್ ನೀರು ಬೇಕೆಂಬುದನ್ನು ಗಮನಿಸಿದರೆ ಏರುತಗ್ಗಿನ ಬೆಲೆ ಅರ್ಥವಾಗುತ್ತದೆ.

ಲೇಸರ್ ಲೆವೆಲರ್ ಈ ಏರುತಗ್ಗನ್ನು ಒಂದೆರಡು ಸೆಂ.ಮೀ. ಒಳಗೆ ತರಬಲ್ಲದು. ಆದರೆ ಯಂತ್ರಕ್ಕೆ ಹೊಲದ ಪರಿಚಯವಿಲ್ಲ. ನಾವು ಕೊಟ್ಟ ಮಟ್ಟವನ್ನು ಅದು ಪಾಲಿಸುತ್ತದೆ, ಅಷ್ಟೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರುವಾಗ ಸಮೀಕ್ಷೆಯನ್ನು ಬಿಟ್ಟು ನೇರವಾಗಿ ಬಕೆಟ್ ಇಳಿಸುವ ಆತುರ ಸಹಜವಾದರೂ, ಅದರಿಂದ ಸಮಯ ಉಳಿಯುವುದಿಲ್ಲ. ಮಟ್ಟ ತಪ್ಪಿದರೆ ಅರ್ಧ ಕೆಲಸದಲ್ಲಿ ತುಂಬಲು ಮಣ್ಣು ಸಾಲದಾಗುತ್ತದೆ, ಇಲ್ಲವೆ ಮಣ್ಣು ಮಿಕ್ಕಿ ಬದುವಿನ ಬಳಿ ಗುಡ್ಡೆಯಾಗುತ್ತದೆ.

ಯಂತ್ರದ ಭಾಗಗಳು

ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ತಿರುಗುವ ಟ್ರಾನ್ಸ್‌ಮಿಟರ್ ಹೊಲದ ಮೇಲೆಲ್ಲ ಒಂದೇ ಎತ್ತರದಲ್ಲಿ ಲೇಸರ್ ಕಿರಣವನ್ನು ಹರಡುತ್ತದೆ. ಟ್ರ್ಯಾಕ್ಟರ್ ಹಿಂದೆ ಎಳೆಯುವ ಬಕೆಟ್ಟಿನ ಕಂಬದಲ್ಲಿರುವ ರಿಸೀವರ್ ಆ ಕಿರಣವನ್ನು ಗ್ರಹಿಸುತ್ತದೆ. ಚಾಲಕನ ಬಳಿಯ ಕಂಟ್ರೋಲ್ ಬಾಕ್ಸ್ ವಿದ್ಯುತ್ ಸಂಕೇತದಿಂದ ಹೈಡ್ರಾಲಿಕ್ ವಾಲ್ವನ್ನು ತೆರೆದು ಬಕೆಟ್ಟನ್ನು ಏರಿಸಿ ಇಳಿಸುತ್ತದೆ. ಕಂಟ್ರೋಲ್ ಬಾಕ್ಸಿಗೆ ವಿದ್ಯುತ್ತನ್ನು ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದಲೇ, ಫ್ಯೂಸ್ ಸಹಿತ ನೇರವಾಗಿ ಪಡೆಯಬೇಕು. ದೀಪದ ತಂತಿಗೆ ಸೇರಿಸಿದರೆ ವೋಲ್ಟೇಜ್ ಕುಸಿದು ವಾಲ್ವ್ ಆಗಾಗ ಕೈಕೊಡುತ್ತದೆ. ಬಕೆಟ್ಟಿಗೆ ವೆಲ್ಡಿಂಗ್ ಮಾಡಿಸುವಾಗ ಕಂಟ್ರೋಲ್ ಬಾಕ್ಸಿನ ಸಂಪರ್ಕವನ್ನು ಬಿಡಿಸಲು ಮರೆಯಬಾರದು.

ಟ್ರಾನ್ಸ್‌ಮಿಟರನ್ನು ಗಟ್ಟಿ ನೆಲದಲ್ಲಿ, ಕಿರಣವು ಟ್ರ್ಯಾಕ್ಟರ್ ಮತ್ತು ಚಾಲಕನ ತಲೆಯ ಮೇಲೆ ಅಡ್ಡಿಯಿಲ್ಲದೆ ಹಾಯುವ ಎತ್ತರದಲ್ಲಿ ನಿಲ್ಲಿಸಬೇಕು. ಹಸಿ ಬದುವಿನ ಮೇಲೆ ಇಟ್ಟ ಸ್ಟ್ಯಾಂಡ್ ನಿಧಾನವಾಗಿ ಕುಸಿಯುವುದುಂಟು. ಆದ್ದರಿಂದ ಪಕ್ಕದಲ್ಲಿ ಕದಲದ ಕಲ್ಲೊಂದನ್ನು ಗುರುತಿಸಿ, ಅದರ ಮೇಲಿನ ಅಳತೆಯನ್ನು ಬರೆದಿಟ್ಟು, ಕೆಲಸದ ನಡುವೆ ಮತ್ತೆ ಮತ್ತೆ ಹೋಲಿಸಿ ನೋಡಬೇಕು. ಜೋರು ಗಾಳಿಯಲ್ಲಿ ಕೆಲಸ ನಿಲ್ಲಿಸುವುದು ಲೇಸು. ಪಕ್ಕದ ಹೊಲದಲ್ಲಿ ಇನ್ನೊಂದು ಲೇಸರ್ ನಡೆಯುತ್ತಿದ್ದರೆ ರಿಸೀವರ್ ಎರಡು ಕಿರಣಗಳ ನಡುವೆ ಗೊಂದಲಕ್ಕೊಳಗಾಗುತ್ತದೆ.

ಸಮೀಕ್ಷೆ ಮತ್ತು ಸರಾಸರಿ ಮಟ್ಟ

ಉಳುಮೆ ಮಾಡಿ, ಹೆಂಟೆ ಒಡೆದು, ಕೂಳೆ ಹಾಗೂ ಹುಲ್ಲನ್ನು ತೆಗೆದ ಒಣ ಹೊಲದಲ್ಲಿ ಪ್ರತಿ 10 ಮೀಟರ್ ಅಂತರದ ಚೌಕಗಳ ನಡುವೆ ಅಳತೆ ಕೋಲನ್ನು ನಿಲ್ಲಿಸಿ ಕಿರಣದ ಎತ್ತರವನ್ನು ಬರೆದುಕೊಳ್ಳಬೇಕು. ಇಲ್ಲಿ ಲೆಕ್ಕ ತಿರುವು-ಮುರುವು: ಅಂಕಿ ಹೆಚ್ಚಿದ್ದಲ್ಲಿ ನೆಲ ತಗ್ಗು, ಕಡಿಮೆ ಇದ್ದಲ್ಲಿ ನೆಲ ಎತ್ತರ.

ಉದಾಹರಣೆಗೆ 30 ಮೀಟರ್ ಉದ್ದಗಲದ, ಅಂದರೆ ಸುಮಾರು 9 ಗುಂಟೆಯ ಮಡಿಯಲ್ಲಿ ಒಂಬತ್ತು ಅಳತೆಗಳು ಹೀಗಿವೆ ಎನ್ನೋಣ: 142, 145, 150, 138, 141, 149, 133, 137, 143 ಸೆಂ.ಮೀ. ಒಟ್ಟು 1278, ಸರಾಸರಿ 142. ಅತಿ ಎತ್ತರದ ಭಾಗದಲ್ಲಿ 9 ಸೆಂ.ಮೀ. ಕಡಿಯಬೇಕು, ಅತಿ ತಗ್ಗಿನಲ್ಲಿ 8 ಸೆಂ.ಮೀ. ತುಂಬಬೇಕು. ಕಡಿಯುವ ಮಣ್ಣು 19 ಘನ ಮೀಟರ್, ತುಂಬುವುದೂ ಅಷ್ಟೆ. ಇದೇ ಮಡಿಯನ್ನು ಸಮ ಮಾಡದೆ ಬಿಟ್ಟರೆ, ಎತ್ತರದ ಮೂಲೆಗೆ 5 ಸೆಂ.ಮೀ. ನೀರು ಕೊಡಲು ಇಡೀ ಮಡಿಯಲ್ಲಿ ಸರಾಸರಿ 14 ಸೆಂ.ಮೀ. ನಿಲ್ಲಿಸಬೇಕಾಗುತ್ತದೆ, ಹೆಚ್ಚುವರಿ ನೀರು ಒಂದು ಸಲಕ್ಕೆ 81 ಸಾವಿರ ಲೀಟರ್.

ತುಂಬಿದ ಸಡಿಲ ಮಣ್ಣು ಮುಂದೆ ಕುಸಿಯುವುದರಿಂದ ಕಡಿತವು ತುಂಬುವಿಕೆಗಿಂತ ತುಸು ಹೆಚ್ಚಿರಬೇಕು. ಇದಕ್ಕೆ ಅರ್ಧ ಸೆಂ.ಮೀ. ಸಾಕು: ಮಟ್ಟವನ್ನು 142.5 ಎಂದು ಇಟ್ಟುಕೊಂಡರೆ ಕಡಿತ 21.5, ತುಂಬುವಿಕೆ 17 ಘನ ಮೀಟರ್ ಆಗುತ್ತದೆ. ಅಳತೆ 142 ಇರುವ ಜಾಗಕ್ಕೆ ಬಕೆಟ್ ಒಯ್ದು, ಅಲಗು ನೆಲಕ್ಕೆ ತಾಗುವಂತೆ ಇಳಿಸಿ, ಕಂಟ್ರೋಲ್ ಬಾಕ್ಸಿನಲ್ಲಿ ನಡುವಿನ ದೀಪ ಹೊತ್ತುವವರೆಗೆ ರಿಸೀವರನ್ನು ಕಂಬದ ಮೇಲೆ ಸರಿಸಬೇಕು. ಅನಂತರ ಅರ್ಧ ಸೆಂ.ಮೀ. ಮೇಲಕ್ಕೇರಿಸಿ ಬಿಗಿಯಬೇಕು. ರಿಸೀವರ್ ಏರಿದಷ್ಟು ಅಲಗು ಇಳಿಯುತ್ತದೆ. ಹೊಸಬರು ಎಡವುವುದು ಇಲ್ಲಿಯೇ.

ಚಾಲನೆ

ಎತ್ತರದ ಭಾಗದಿಂದ ತಗ್ಗಿನತ್ತ ತೆಳು ಪದರಗಳಾಗಿ ಕಡಿಯಬೇಕು. ಮೊದಲ ಸುತ್ತುಗಳಲ್ಲಿ ಎಂಜಿನ್ ಏದುಸಿರು ಬಿಟ್ಟರೆ ಅಥವಾ ಚಕ್ರ ಜಾರಿದರೆ, ಕೈ ನಿಯಂತ್ರಣಕ್ಕೆ ಬದಲಿಸಿ ಬಕೆಟ್ಟನ್ನು ಕೊಂಚ ಎತ್ತಬೇಕು. ಆರಂಭದಲ್ಲಿ ಕಂಟ್ರೋಲ್ ಬಾಕ್ಸಿನ ಸೂಕ್ಷ್ಮತೆ ಕಡಿಮೆ ಇರಲಿ. ಅದನ್ನು ತೀರ ಹೆಚ್ಚಿಸಿದರೆ ಬಕೆಟ್ ಒಂದೇ ಸಮನೆ ಮೇಲೆ ಕೆಳಗೆ ಕುಣಿದು ನೆಲದಲ್ಲಿ ಅಲೆ ಮೂಡುತ್ತದೆ. ಕೊನೆಯ ಸುತ್ತಿಗೆ ಮಾತ್ರ ಸೂಕ್ಷ್ಮತೆ ಹೆಚ್ಚಿಸಿ, ಹೊಲದ ಉದ್ದಕ್ಕೆ ಸ್ವಯಂಚಾಲಿತವಾಗಿಯೇ ಓಡಿಸಬೇಕು. ಎತ್ತಿದ ಬಕೆಟ್ಟಿನ ಕೆಳಗೆ ಆಧಾರವಿಲ್ಲದೆ ಯಾರೂ ಕೈಯಿಡಬಾರದು, ಕಿರಣವನ್ನು ದಿಟ್ಟಿಸಬಾರದು.

ಮೇಲ್ಮಣ್ಣಿನ ವಿಚಾರ

ಯಂತ್ರ ಬಂದಿದೆ ಎಂದು ಎಷ್ಟು ಬೇಕಾದರೂ ಕಡಿಯಬಹುದೆಂಬ ಭಾವನೆ ಸಲ್ಲದು. ಕಪ್ಪು ಭೂಮಿಯ ಅನೇಕ ಹೊಲಗಳಲ್ಲಿ ಕೆಳಪದರ ಸುಣ್ಣಯುಕ್ತವಾಗಿದ್ದು, ಅದು ಮೇಲೆ ಬಂದರೆ ಸತು ಮತ್ತು ಕಬ್ಬಿಣದ ಕೊರತೆಯಿಂದ ಪೈರು ಹಳದಿಯಾಗುತ್ತದೆ. ಸಮೀಕ್ಷೆಯಲ್ಲಿ ಕಡಿತ ಒಂದು ಗೇಣಿನತ್ತ ಸಾಗುತ್ತಿದ್ದರೆ, ಹೊಲವನ್ನು ಬದು ಹಾಕಿ ಎರಡು ಮಟ್ಟದ ಮಡಿಗಳಾಗಿ ವಿಂಗಡಿಸುವುದೇ ಸೂಕ್ತ. ಕಡಿದ ಭಾಗಕ್ಕೆ ಕೊಟ್ಟಿಗೆ ಗೊಬ್ಬರವನ್ನು ಹೆಚ್ಚಾಗಿ ಕೊಟ್ಟು, ಸಾಧ್ಯವಾದರೆ ಡಯಂಚ ಅಥವಾ ಸೆಣಬನ್ನು ಬೆಳೆಸಿ ಮಣ್ಣಿಗೆ ಸೇರಿಸಬೇಕು. ಭತ್ತಕ್ಕಾದರೆ ಎಕರೆಗೆ 10 ಕಿ.ಗ್ರಾಂ. ಸತುವಿನ ಸಲ್ಫೇಟನ್ನು ಮಣ್ಣು ಪರೀಕ್ಷೆಯ ಆಧಾರದ ಮೇಲೆ ಒದಗಿಸಬಹುದು. ತುಂಬಿದ ಭಾಗ ಮೊದಲ ಬೆಳೆಯ ನೀರಿನಲ್ಲಿ ಇನ್ನಷ್ಟು ಕುಸಿಯುವುದರಿಂದ, ಕೊಯ್ಲಿನ ನಂತರ ಅದೇ ಒಂಬತ್ತು ಜಾಗಗಳಲ್ಲಿ ಅಳತೆ ಕೋಲನ್ನು ಮತ್ತೊಮ್ಮೆ ನಿಲ್ಲಿಸಿ ನೋಡಬೇಕು.