ಡೀಸೆಲ್ ಪಂಪಿನ ಒತ್ತಡವನ್ನು ಅಳೆಯುವ ಬಗೆ

ಹೆಣ್ಣುಮಕ್ಕಳ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮೋಟಾರಿನ ಪಂಪಿನ ಮಾತೇಕೆಂದು ಕೆಲವು ವಾಚಕರಿಗೆ ಅನಿಸಬಹುದು. ದೇವರ ಹಿಪ್ಪರಗಿಗೆ ರೈಲಿಲ್ಲ. ಸಿಂದಗಿಯ ಪೇಟೆಗಾಗಲಿ ವಿಜಯಪುರದ ಆಸ್ಪತ್ರೆಗಾಗಲಿ ರಸ್ತೆಯೇ ಗತಿ. ನಮ್ಮ ಹಳೆಯ ವಿದ್ಯಾರ್ಥಿನಿಯರು ಇಂದು ತಾವೇ ಕಾರು ನಡೆಸುವರು. ದಾರಿಯಲ್ಲಿ ಕಾರು ನಿಂತು, ಮಿಸ್ತ್ರಿಯು “ಪಂಪು ಹೋಗಿದೆ, ಬಿಚ್ಚಬೇಕು” ಎಂದಾಗ, “ಒತ್ತಡವನ್ನು ಅಳೆದು ನೋಡಿದಿರಾ?” ಎಂದು ಕೇಳುವಷ್ಟು ತಿಳಿವಳಿಕೆ ಅವರಲ್ಲಿರಬೇಕು. ಈ ಒಂದು ಪ್ರಶ್ನೆಯಿಂದ ಹಣ ಉಳಿಯಬಹುದು. ಕೆಲವೊಮ್ಮೆ ಮಿಸ್ತ್ರಿಯ ಕೈಯೂ ಉಳಿಯಬಹುದು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವದಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವಿನಿಂದಲೇ ಎಣ್ಣೆಯು ಹೊತ್ತಿಕೊಳ್ಳುವದು. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬವನು 1897ರಲ್ಲಿ ಇಂಥ ಎಂಜಿನ್ನನ್ನು ನಡೆಸಿ ತೋರಿಸಿದನು. ಆದರೆ ಅವನ ಎಂಜಿನ್ನಿನೊಳಗೆ ಎಣ್ಣೆಯನ್ನು ಊದಲು ಅದುಮಿದ ಗಾಳಿ ಬೇಕಾಗಿತ್ತು. ಅದನ್ನು ಒದಗಿಸುವ ಭಾರವಾದ ಸಲಕರಣೆಯು ಕಾರಿಗೆ ಒಗ್ಗುವಂಥದಲ್ಲ. 1927ರಲ್ಲಿ ರಾಬರ್ಟ್ ಬಾಷ್‌ನ ಕಾರಖಾನೆಯು ಎಣ್ಣೆಯನ್ನು ತಾನೇ ಒತ್ತಿ ಚಿಮ್ಮಿಸುವ ಚಿಕ್ಕ ಪಂಪನ್ನು ತಯಾರಿಸತೊಡಗಿತು. 1936ರಲ್ಲಿ ಮರ್ಸಿಡಿಸ್-ಬೆಂಝ್ ಸಂಸ್ಥೆಯ ಡೀಸೆಲ್ ಕಾರು ಹೊರಬಂದಿತು. ನಮ್ಮ ನಾಡಿನಲ್ಲಿ ಇಂಥ ಪಂಪುಗಳಿಗೆ ಹೆಸರಾದದ್ದು 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೊ ಸಂಸ್ಥೆ. ಅದಕ್ಕೆ 2008ರಿಂದ ಬಾಷ್ ಎಂದೇ ಹೆಸರು.

ಇಲ್ಲಿ ಮುಖ್ಯವಾಗಿ ತಿಳಿಯತಕ್ಕದ್ದು, ಪಂಪಿನಲ್ಲಿ ಎರಡು ಒತ್ತಡಗಳುಂಟು ಎಂಬುದು. ಹಳೆಯ ಕಾರುಗಳ ರೋಟರಿ ಪಂಪನ್ನೇ ನೋಡೋಣ. ಅದರ ಹೊಟ್ಟೆಯೊಳಗೆ ಒಂದು ಪುಟ್ಟ ಪಂಪು ಟಾಕಿಯಿಂದ ಎಣ್ಣೆಯನ್ನು ಎಳೆದು ತುಂಬುವದು. ಎಂಜಿನ್ನಿನ ವೇಗ ಹೆಚ್ಚಿದಂತೆ ಈ ಒಳಗಿನ ಒತ್ತಡವೂ ಹೆಚ್ಚುವದು. ಅದರ ಬಲದಿಂದಲೇ ಎಣ್ಣೆ ಚಿಮ್ಮುವ ಹೊತ್ತು ಹಿಂದುಮುಂದಾಗುವದು. ಇದು ಮೊದಲನೆಯದು, ಸೌಮ್ಯವಾದದ್ದು. ಸಿಲಿಂಡರಿಗೆ ಹೋಗುವ ಉಕ್ಕಿನ ಕೊಳವೆಗಳಲ್ಲಿರುವದು ಎರಡನೆಯದು. ಅದು ಬಹು ಉಗ್ರವಾದದ್ದು. ಸಾಧಾರಣ ಗೇಜಿನಿಂದ ಅಳೆಯತಕ್ಕದ್ದು ಮೊದಲನೆಯದನ್ನು ಮಾತ್ರ.

ಅಳೆಯುವ ಕ್ರಮ ಹೀಗಿದೆ. ಎಂಜಿನ್ನನ್ನು ನಿಲ್ಲಿಸಿ, ಎಣ್ಣೆಯು ಟಾಕಿಗೆ ಮರಳುವ ಕಡೆಯಲ್ಲಿರುವ ಟೊಳ್ಳು ಬೋಲ್ಟಿನ ಬಳಿ ಕವಲುಜೋಡಣೆಯಿಂದ ಗೇಜನ್ನು ಕೂಡಿಸಬೇಕು. ಈ ಬೋಲ್ಟಿನಲ್ಲಿ ಅತಿ ಸಣ್ಣ ರಂಧ್ರವೊಂದಿದೆ. ಪಂಪಿನೊಳಗೆ ಒತ್ತಡ ನಿಲ್ಲಲು ಅದೂ ಒಂದು ಕಾರಣ. ಗೇಜು ಆ ರಂಧ್ರಕ್ಕಿಂತ ಮುಂಚೆ, ಪಂಪಿನ ಕಡೆಗೇ ಇರಬೇಕು. ಎಣ್ಣೆ ಒಳಬರುವ ಕಡೆಯ ಬೋಲ್ಟು ನೋಡಲು ಇದರಂತೆಯೇ ಇರುವದರಿಂದ ಅದಲುಬದಲಾದರೆ ಒಳ್ಳೆಯ ಪಂಪೂ ಕೆಟ್ಟದ್ದೆಂದು ತೋರುವದು. ಬಳಿಕ ಎಂಜಿನ್ನು ಬಿಸಿಯಾದ ಮೇಲೆ ಮುಳ್ಳನ್ನು ನೋಡಿ ಬರೆದುಕೊಳ್ಳಬೇಕು. ನಿಧಾನಗತಿಯಲ್ಲಿ ಸುಮಾರು 2ರಿಂದ 4 ಬಾರ್, ವೇಗದಲ್ಲಿ 6ರಿಂದ 8 ಬಾರ್ ಎಂಬುದು ಸ್ಥೂಲವಾದ ಲೆಕ್ಕ. ಆಯಾ ಪಂಪಿನ ಕೈಪಿಡಿಯ ಅಂಕಿಯೇ ಪ್ರಮಾಣ. ಒಂದು ಬಾರ್ ಎಂದರೆ ಚದರ ಅಂಗುಲಕ್ಕೆ 14.5 ಪೌಂಡು. ಕಾರಿನ ಟೈರಿಗೆ ನಾವು ತುಂಬಿಸುವ 30 ಪೌಂಡು ಗಾಳಿಯು 2 ಬಾರಿಗೆ ತುಸು ಹೆಚ್ಚು.

ಮುಳ್ಳು ಹೇಳುವದನ್ನು ಹೀಗೆ ತಿಳಿಯಬೇಕು. ವೇಗದೊಡನೆ ಒತ್ತಡವು ಸಮನಾಗಿ ಏರಿದರೆ ಒಳಗಿನ ಪುಟ್ಟ ಪಂಪು ಆರೋಗ್ಯವಾಗಿದೆ. ಏರದಿದ್ದರೆ ಎಣ್ಣೆ ಚಿಮ್ಮುವದು ತಡವಾಗಿ, ಬಿಳಿ ಹೊಗೆ ಬರುವದು, ಎಳೆತ ಕುಗ್ಗುವದು. ಆದರೂ ಕೂಡಲೆ ಪಂಪನ್ನು ದೂರಲಾಗದು. ಶುದ್ಧ ಡೀಸೆಲ್ ತುಂಬಿದ ಡಬ್ಬಿಯಿಂದ ಪಂಪಿಗೆ ನೇರವಾಗಿ ಎಣ್ಣೆ ಕೊಟ್ಟು ನೋಡಬೇಕು. ಆಗ ಒತ್ತಡ ಸರಿಹೋದರೆ ತಪ್ಪು ಕಟ್ಟಿಕೊಂಡ ಫಿಲ್ಟರಿನದು, ಇಲ್ಲವೆ ಗಾಳಿ ಎಳೆಯುವ ಸೀಳು ನಳಿಗೆಯದು. ಅಲ್ಪ ವೆಚ್ಚದಲ್ಲಿ ಕೆಲಸ ಮುಗಿಯುವದು. ಆಗಲೂ ಏರದಿದ್ದರೆ ಮಾತ್ರ ಒಳಗಿನ ರೆಕ್ಕೆಗಳು ಸವೆದಿರಬಹುದು, ಇಲ್ಲವೆ ಒತ್ತಡವನ್ನು ಹದದಲ್ಲಿಡುವ ವಾಲ್ವು ಸಿಕ್ಕಿಕೊಂಡಿರಬಹುದು ಎಂದು ಎಣಿಸಬೇಕು. ಒತ್ತಡ ಮಿತಿ ಮೀರಿದರೆ ಮರಳುದಾರಿಯ ಆ ಸಣ್ಣ ರಂಧ್ರವು ಮುಚ್ಚಿಹೋಗಿದೆಯೋ ಎಂದು ಮೊದಲು ಪರೀಕ್ಷಿಸುವದು ಲೇಸು.

ಇನ್ನು ಎರಡನೆಯ ಒತ್ತಡದ ಮಾತು. ಹಳೆಯ ಕಾರುಗಳಲ್ಲಿ ಇಂಜೆಕ್ಟರು ಬಾಯಿ ತೆರೆಯಲೇ ನೂರು ಬಾರಿಗೂ ಮಿಕ್ಕ ಒತ್ತಡ ಬೇಕು. ಅದನ್ನು ಕಾರಖಾನೆಯ ಮೇಜಿನ ಮೇಲೆ ಬೇರೆ ಉಪಕರಣದಿಂದ ಪರೀಕ್ಷಿಸುವರು. 1997ರಿಂದ ಕಾರುಗಳಿಗೆ ಬಂದ ಕಾಮನ್ ರೈಲ್ ಪದ್ಧತಿಯಲ್ಲಿ ಅದು ಸಾವಿರ ಬಾರನ್ನು ದಾಟಿ, ಈಗಿನ ಕೆಲವು ಕಾರುಗಳಲ್ಲಿ ಎರಡು ಸಾವಿರಕ್ಕೂ ಏರಿದೆ. ಅಲ್ಲಿ ಕೈಗೇಜಿಗೆ ಕೆಲಸವಿಲ್ಲ. ಸೆನ್ಸರು ಅಳೆದು ಕಳುಹಿದ್ದನ್ನು ಸ್ಕ್ಯಾನರಿನಲ್ಲಿ ಓದಬೇಕು. ಎಂಜಿನ್ನು ನಡೆಯುತ್ತಿರುವಾಗ ಆ ಕೊಳವೆಯ ನಟ್ಟನ್ನು ಸಡಿಲಿಸುವದಾಗಲಿ, ಸೋರಿಕೆಯನ್ನು ಬೆರಳಿನಿಂದ ಹುಡುಕುವದಾಗಲಿ ಸರ್ವಥಾ ಕೂಡದು. ಕೂದಲಿನಷ್ಟು ತೆಳುವಾದ ಎಣ್ಣೆಯ ಎಳೆಯು ಚರ್ಮವನ್ನು ತೂರಿ ಒಳಗೆ ಹರಡುವದು. ಗಾಯ ಸೂಜಿ ಚುಚ್ಚಿದಷ್ಟೇ ಕಾಣುವದು. ಮೊದಲಿಗೆ ನೋವೂ ಅಲ್ಪ. ಕೆಲವೇ ತಾಸುಗಳಲ್ಲಿ ಕೈ ಬಾತು, ಬೆರಳನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಅರಿಸಿನ ಮೆತ್ತಿ ಬೆಳಗಿನವರೆಗೆ ಕಾಯದೆ, ಶಸ್ತ್ರಚಿಕಿತ್ಸೆಯುಳ್ಳ ಆಸ್ಪತ್ರೆಗೆ ಆ ಕ್ಷಣವೇ ಕರೆದೊಯ್ದು, ಡೀಸೆಲ್ ಒಳಹೊಕ್ಕಿದೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು.

ಊಹಿಸುವದಕ್ಕಿಂತ ಅಳೆಯುವದು ಮೇಲು ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ವಿಜ್ಞಾನದ ತರಗತಿಯಲ್ಲಿಯೇ ಕಲಿತಿರುವರು. ಯಾವದನ್ನು ಅಳೆಯಬೇಕು, ಯಾವದರ ಹತ್ತಿರ ಕೈ ಒಯ್ಯಬಾರದು ಎಂಬ ವಿವೇಕವೂ ಅದೇ ಪಾಠದ ಭಾಗವೆಂದು ನಾವು ನಂಬಿದ್ದೇವೆ. ಗಾಡಿಯನ್ನು ಮಿಸ್ತ್ರಿಯ ಬಳಿಗೆ ಒಯ್ಯುವ ತಂದೆತಾಯಿಗಳೂ ಈ ಎರಡು ಮಾತುಗಳನ್ನು ನೆನಪಿನಲ್ಲಿಡಬೇಕೆಂದು ನಮ್ಮ ವಿನಂತಿ.