ಎದೆಯ ಗಾಯ

ಬಂಟ್ವಾಳ ತಾಲ್ಲೂಕಿನ ಕನ್ಯಾನದ ಮಗುವಿಗೆ ಹೃದಯದ ಶಸ್ತ್ರಚಿಕಿತ್ಸೆ ಬೇಕಾದರೆ ಹೆತ್ತವರು ಮಂಗಳೂರಿಗೋ ಬೆಂಗಳೂರಿನ ಜಯದೇವ ಸಂಸ್ಥೆಗೋ ಹೋಗಬೇಕಾಗುತ್ತದೆ. ಅಲ್ಲಿ ವೈದ್ಯರು ಎದೆಯ ನಡುಮೂಳೆಯನ್ನು ಸೀಳಿ, ಹೃದಯದ ದೋಷವನ್ನು ಸರಿಪಡಿಸಿ, ಮೂಳೆಯನ್ನು ಮತ್ತೆ ಬಿಗಿಯುತ್ತಾರೆ. ಮಗು ಮನೆಗೆ ಮರಳಿತೆಂದರೆ ಅಪಾಯ ಮುಗಿಯಿತೆನ್ನಲಾಗದು. ಚರ್ಮದ ಮೇಲೆ ಸುಮ್ಮನೆ ವಾಸಿಸುವ ಸ್ಟೆಫೈಲೊಕಾಕಸ್ ಎಂಬ ಸೂಕ್ಷ್ಮಾಣು ಗಾಯದೊಳಗೆ ಸೇರಿದರೆ ಕೀವು ಕಟ್ಟುತ್ತದೆ. ಮೇಲೆ ಹೊಲಿಗೆ ಕೂಡಿದಂತೆ ಕಂಡರೂ ಮೂಳೆಯ ಹಿಂದೆ, ಹೃದಯದ ಪಕ್ಕದಲ್ಲಿಯೇ, ಸೋಂಕು ಬೆಳೆಯುತ್ತಿರಬಹುದು. ಜ್ವರ ಬಂದು ಗಾಯ ಕೆಂಪೇರಿ ಒಸರತೊಡಗಿದರೆ ಅರಿಸಿನ ಹಚ್ಚಿ ಕಾಯುವಂತಿಲ್ಲ. ಮಗುವನ್ನು ಆಸ್ಪತ್ರೆಗೆ ಮರಳಿ ಕರೆತರಬೇಕು.

ವೈದ್ಯರು ಕೂಡಲೇ ಪ್ರತಿಜೈವಿಕ ಔಷಧವನ್ನು ಆರಂಭಿಸಿ, ಕೀವನ್ನು ಪರೀಕ್ಷಿಸಿ, ಆ ಸೂಕ್ಷ್ಮಾಣು ಯಾವುದಕ್ಕೆ ಮಣಿಯುವುದೆಂದು ತಿಳಿದು ಔಷಧವನ್ನು ಬದಲಿಸುತ್ತಾರೆ. ಆಳದ ಸೋಂಕಿಗೆ ಇಷ್ಟೇ ಸಾಲದು. ಗಾಯವನ್ನು ಮತ್ತೆ ತೆರೆದು, ಸತ್ತ ಅಂಗಾಂಶವನ್ನು ತೆಗೆದು ತೊಳೆಯಬೇಕು. ಅನಂತರವೂ ಔಷಧವು ವಾರಗಟ್ಟಲೆ ನಡೆಯುತ್ತದೆ.