ಬಾಜಿ ದರದ ಬೆನ್ನು ಹತ್ತಿದವರು

ಕ್ರಿಕೆಟ್ ನಡೆಯುವಾಗ ನಿಮ್ಮ ಮಗ ಆಟ ಬಿಟ್ಟು ಮೊಬೈಲನ್ನೇ ನೋಡುತ್ತಿದ್ದಾನೆಯೇ? ಬಾಜಿಯ ದರ ಕಾಯುತ್ತಿರಬಹುದು. ವಿಕೆಟ್ ಬಿದ್ದರೆ, ಒಂದೇ ತಂಡದ ಮೇಲೆ ಹೆಚ್ಚು ಹಣ ಬಂದರೆ ಬುಕ್ಕಿ ದರ ಬದಲಿಸುತ್ತಾನೆ. ದರ ಇಳಿಯುವ ಮೊದಲೇ ಕಟ್ಟುವುದು ಜಾಣತನವೆಂದು ಹುಡುಗನ ಲೆಕ್ಕ. ಆದರೆ ಬುಕ್ಕಿಯ ಲಾಭ ದರದೊಳಗೇ ಅಡಗಿರುತ್ತದೆ. ಉದಾಹರಣೆಗೆ, ಸಮಬಲದ ಪಂದ್ಯದಲ್ಲಿ 100 ರೂಪಾಯಿ ಕಟ್ಟಿ ಗೆದ್ದವನಿಗೆ 90 ರೂಪಾಯಿ ಲಾಭ. ಸೋತವನಿಗೆ ನೂರೂ ಹೋಯಿತು!

‘ಈಗ ಬಿಟ್ಟರೆ ಕೆಟ್ಟೆ’ ಎಂಬ ಆತುರವೇ ಚಟವನ್ನು ಬೆಳೆಸುತ್ತದೆ. ಕಳೆದದ್ದನ್ನು ಮರಳಿ ಪಡೆಯಲು ಮತ್ತೆ ಕಟ್ಟುವುದು, ನಿದ್ದೆಗೇಡು, ಸಿಡುಕು, ಸುಳ್ಳು, ಸಾಲ ಇದರ ಲಕ್ಷಣಗಳು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಜೂಜಿನ ಗೀಳನ್ನು ಮದ್ಯವ್ಯಸನದ ಗುಂಪಿಗೇ ಸೇರಿಸಿತು. ನಮ್ಮಲ್ಲಿ ಆನ್‌ಲೈನ್ ಬಾಜಿಯನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿರುವುದರಿಂದ, ಕದ್ದು ಆಡುವವರು ಅಂಜಿ ಬಾಯಿ ಬಿಡುವುದಿಲ್ಲ.

ಬೈಯಬೇಡಿ. ಗುಟ್ಟಾಗಿ ಸಾಲ ತೀರಿಸಲೂಬೇಡಿ, ಹೊಸ ಸಾಲಕ್ಕೆ ದಾರಿಯಾದೀತು. ಹಣದ ವ್ಯವಹಾರ ಕೆಲಕಾಲ ಮನೆಯ ಬೇರೊಬ್ಬರ ಕೈಯಲ್ಲಿರಲಿ. ಆಪ್ತಸಲಹೆ, ಚಿಕಿತ್ಸೆಯಿಂದ ಈ ಗೀಳು ಹತೋಟಿಗೆ ಬರುತ್ತದೆ. ಸಾಯುವ ಮಾತಾಡಿದರೆ ಒಬ್ಬನನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಉಚಿತ ದೂರವಾಣಿ 14416 ಹಗಲಿರುಳೂ ಲಭ್ಯ; ಕನ್ನಡದಲ್ಲೇ ಮಾತಾಡಬಹುದು.